ಮಿಲ್ಲಿಂಗ್ ಮಷೀನಿನ ಸೋಮವಾರ

ನನ್ನ ಹೆಂಡತಿ ಬಾಳಮ್ಮನಿಗೆ ಎತ್ತಿಗೂ ಯಂತ್ರಕ್ಕೂ ವ್ಯತ್ಯಾಸ ಗೊತ್ತಿಲ್ಲ. ಇದು ನಾನು ನಾಲ್ಕು ವರ್ಷದಿಂದ ಆಳಂದದ ಚಹಾದ ಅಂಗಡಿಗಳಲ್ಲಿ ತೋಡಿಕೊಂಡು ಬಂದ ದುಃಖ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅತನೂರಿನ ಒಕ್ಕಲುತನದ ಮನೆಯಿಂದ ಬಂದ ಇವಳು ಈ ಕಾನೂನನ್ನು ಹಿತ್ತಲಲ್ಲಿದ್ದ ನನ್ನ ವರ್ಕ್‌ಶಾಪಿಗೂ ಜಾರಿ ಮಾಡಿದ್ದಳು. ಅಲ್ಲಿ ಕಬ್ಬಿಣ ಕಡಿದು ಗೇರ್ ಮಾಡುವ ನನ್ನದೊಂದು ಹಳೆಯ ಮಿಲ್ಲಿಂಗ್ ಮಷೀನು ಇತ್ತು. ಸೋಮವಾರ ಅದು ಓಡುವಂತಿಲ್ಲ. ಬಾಳಮ್ಮ ಸ್ನಾನ ಮುಗಿಸಿ ಬಂದು, ಹಳೆಯ ಸೀರೆಯ ತುಂಡಿನಿಂದ ಅದರ ಮೈ ಒರೆಸಿ, ಒಂದೆರಡು ಹನಿ ಎಣ್ಣೆ ಬಿಟ್ಟು, ಕೈಯಿಂದ ಮೂರು ಸುತ್ತು ತಿರುಗಿಸಿ, ನೆತ್ತಿಗೆ ವಿಭೂತಿ ಹಚ್ಚಿ, ಪಕ್ಕದ ಗೋಡೆಗೂ ಒಂದು ಬೊಟ್ಟು ಇಡುವಳು. (ನನ್ನ ನೆತ್ತಿಗೆ ಅವಳ ಕೈಯಿಂದ ಎಣ್ಣೆ ಬಿದ್ದು ಎಷ್ಟು ವರ್ಷವಾಯಿತು ಎಂಬುದು ಬೇರೆ ಮಾತು.) ಪೂಜೆಗೆ ಯಾರು ಅಡ್ಡ ಬರುತ್ತಾರೆ ಎಂದು ನಾನು ಸುಮ್ಮನಿದ್ದೆ. ನಾಲ್ಕು ವರ್ಷದಲ್ಲಿ ಮಷೀನು ಒಂದು ದಿನವೂ ಕೆಟ್ಟಿರಲಿಲ್ಲ. ಅದು ಖಾನ್ದಾನಿ ಮಷೀನು, ನನ್ನ ಕೈಗುಣವೂ ಒಳ್ಳೆಯದು ಎಂದೇ ನನ್ನ ತಿಳುವಳಿಕೆ.

೧೯೯೩ರಲ್ಲಿ ನಾನು ಪುಣೆಗೆ ಎಂಟು ದಿನದ ತರಬೇತಿಗೆ ಹೋದೆ. ಅಲ್ಲಿ ಸಿಎನ್‌ಸಿ ಎಂಬ ಕಂಪ್ಯೂಟರ್ ಮಷೀನನ್ನು ಗಾಜಿನ ಆಚೆಯಿಂದ ತೋರಿಸಿದರು. ಕಟರ್ ಹಿಡಿದು ತಿರುಗುವ ದಂಡಕ್ಕೆ ಸ್ಪಿಂಡಲ್ ಎನ್ನುತ್ತಾರೆ, ಅದೇ ಯಂತ್ರದ ಪ್ರಾಣ; ಕೆಡುವ ಮೊದಲೇ ಅದರ ಆರೈಕೆ ಮಾಡಬೇಕು, ಇದಕ್ಕೆ ಮುಂಜಾಗ್ರತಾ ನಿರ್ವಹಣೆ ಎಂದು ಹೆಸರು, ಎಂದೆಲ್ಲ ಹೇಳಿದರು. ಹೇಗೆ ಮಾಡಬೇಕೆಂದು ಹೇಳಿದ್ದು ಏಳನೆಯ ದಿನ. ಆ ದಿನ ನಾನು ಬಾಳಮ್ಮನಿಗೆ ಸೀರೆ ಕೊಳ್ಳಲು ಪೇಟೆಗೆ ಹೋಗಿದ್ದೆ.

ಊರಿಗೆ ಬಂದವನೇ ಒಂದು ಬೋರ್ಡು ಬರೆದು ಮಷೀನಿನ ಮೇಲೆ ತೂಗುಹಾಕಿದೆ: ‘ತರಬೇತಿ ಇಲ್ಲದವರು ಸ್ಪಿಂಡಲ್ ಮುಟ್ಟಬಾರದು’. ಮಾರನೆಯ ದಿನವೇ ಸೋಮವಾರ. ಬಾಳಮ್ಮ ಸೀರೆಯ ತುಂಡು ಹಿಡಿದು ಬಂದಳು, ಬೋರ್ಡು ಓದಿದಳು, ಹೊಸ್ತಿಲಲ್ಲೇ ನಿಂತಳು. ನಾನು ಪಾನಾ ಹಿಡಿದು ಸ್ಪಿಂಡಲ್ ಬಿಚ್ಚತೊಡಗಿದ್ದೆ.

ಬುಧವಾರ ಸಂಜೆಯೊಳಗೆ ಅಫಜಲಪುರದ ಎಣ್ಣೆ ಗಿರಣಿಯ ಗೌಸಮೊಹಿದ್ದೀನ ಸಾಹೇಬರಿಗೆ ಒಂದು ಗೇರ್ ಕಡಿದು ಕೊಡಬೇಕಿತ್ತು. ಕುಸುಬಿಯ ಸುಗ್ಗಿ, ಅವರ ಗಿರಣಿ ನಿಂತಿತ್ತು. ತಪ್ಪಿದರೆ ಇನ್ನು ಮುಂದಿನ ಕೆಲಸವೆಲ್ಲ ಸೊಲ್ಲಾಪುರಕ್ಕೆ ಎಂದು ಅವರು ಮೊದಲೇ ಹೇಳಿದ್ದರು. ಅವರ ಕೆಲಸ ಹೋದರೆ ನನ್ನ ವರ್ಕ್‌ಶಾಪಿನಲ್ಲಿ ಉಳಿಯುವುದು ಬೋರ್ಡು ಒಂದೇ. ಬಾಳಮ್ಮ ಇದನ್ನು ನೆನಪಿಸಿದಳು.

‘ಅಲ್ರೀ, ಛಂದ ನಡ್ಯೋ ಎತ್ತಿನ ಹೊಟ್ಟಿ ಯಾರರ ಕೊಯ್ದು ನೋಡ್ತಾರೇನ್ರಿ?’

‘ಜಡ್ಡು ಬರೋಕಿಂತ ಮೊದ್ಲೇ ನೋಡೋದು ಇದು. ನಿನಗ ತಿಳ್ಯಂಗಿಲ್ಲ, ಒಳಗ ನಡಿ.’

ಅವಳು ಹೋದಳು. ನಾನು ಬೇರಿಂಗಿಗೆ ಕೈತುಂಬ ಗ್ರೀಸು ತುಂಬಿದೆ. ಜಿಪುಣತನ ನಮ್ಮ ವಂಶದಲ್ಲೇ ಇಲ್ಲ. ನಟ್ಟನ್ನು ಕಾಲು ಕೊಟ್ಟು ಬಿಗಿದೆ. ಎಲ್ಲ ಜೋಡಿಸಿದ ಮೇಲೆ ಒಂದು ವಾಶರ್ ಉಳಿಯಿತು. ಕಂಪನಿಯವರು ಹೆಚ್ಚಿಗೆ ಹಾಕಿದ್ದಿರಬೇಕು ಎಂದು ಜೇಬಿಗೆ ಸೇರಿಸಿದೆ.

ಮಂಗಳವಾರ ಬೆಳಿಗ್ಗೆ ಗೇರ್ ಕಡಿಯಲು ಮಷೀನು ಚಾಲು ಮಾಡಿದೆ. ಹತ್ತು ನಿಮಿಷಕ್ಕೆ ಅದು ನರಳತೊಡಗಿತು. ಹೊಸ ಗ್ರೀಸು ಮೈಗೆ ಹಿಡಿಯುವವರೆಗೆ ಹೀಗೆಯೇ ಎಂದು ನನಗೆ ನಾನೇ ವಿವರಿಸಿಕೊಂಡೆ. ಸಪ್ಪಳ ಕೇಳಿ ಬಾಳಮ್ಮ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿಬಂದು, ಬೋರ್ಡನ್ನು ಲೆಕ್ಕಿಸದೆ ಸ್ಪಿಂಡಲ್ಲಿನ ಮನೆಗೆ ಹಿಂಗೈ ತಾಗಿಸಿದಳು.

‘ಜ್ವರ ಬಂದಾವ್ರಿ ಇದಕ್ಕ. ಮೊದ್ಲ ಬಂದ್ ಮಾಡ್ರಿ.’

ನಾನು ಬಂದ್ ಮಾಡುವ ಮೊದಲೇ ಅದು ತಾನೇ ಬಂದ್ ಆಯಿತು. ಕೈಯಿಂದ ತಿರುಗಿಸಿದರೂ ಕದಲಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಜೇವರ್ಗಿಯಿಂದ ರಸೂಲ ಮೇಸ್ತ್ರಿಯನ್ನು ಕರೆಸಬೇಕಾಯಿತು. ನಾಲ್ಕು ವರ್ಷದ ಹಿಂದೆ ಈ ಮಷೀನನ್ನು ಕೊಡಿಸಿ ಕೂರಿಸಿದವನೂ ಅವನೇ.

ಅವನು ಮಧ್ಯಾಹ್ನದ ಬಸ್ಸಿಗೆ ಬಂದು ಸ್ಪಿಂಡಲ್ ಬಿಚ್ಚಿದ. ಬೊಗಸೆಗಟ್ಟಲೆ ಗ್ರೀಸು ಹೊರಬಂತು.

‘ಇದೇನ್ ಗ್ರೀಸ್ ತುಂಬೀರೋ, ಹೋಳಗಿಗಿ ಹೂರಣ ತುಂಬೀರೋ? ಮೂರ್ ಪಾಲಿನ್ಯಾಗ ಒಂದ್ ಪಾಲ್ ಸಾಕ್ರಿ ಜಗದೇವಪ್ಪಣ್ಣ. ಅದಕ್ಕೂ ಉಸ್ರಾಡ್ಲಾಕ ಜರಾ ಜಾಗಾ ಬೇಕಲ್ಲ.’

ಬೇರಿಂಗು ಸುಟ್ಟಿರಲಿಲ್ಲ, ಪುಣ್ಯ. ಅವನು ವಾಶರ್ ಕೇಳಿದ. ನಾನು ಜೇಬಿನಿಂದ ತೆಗೆದು ಕೊಟ್ಟೆ. ಅವನು ಅದನ್ನು ಅದರ ಜಾಗದಲ್ಲಿ ಕೂರಿಸಿದ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವಾಗ ಅವನ ಕಣ್ಣು ಗೋಡೆಯ ಬೊಟ್ಟುಗಳ ಮೇಲೆ ಬಿತ್ತು. ಸಾಲು ಸಾಲು ಬಿಳಿ ಬೊಟ್ಟು, ನಡುವೆ ಮೂರೋ ನಾಲ್ಕೋ ಕೆಂಪು. ಅದು ಪೂಜೆಯದು ಎಂದೆ. ಬಾಳಮ್ಮ ಅಲ್ಲ ಎಂದಳು. ಮಷೀನು ಕೂರಿಸಿದ ದಿನ ವಾರಕ್ಕೊಮ್ಮೆ ಒರೆಸಿ, ಎಣ್ಣೆ ಬಿಟ್ಟು, ಕೈಯಿಂದ ತಿರುಗಿಸಿ ನೋಡಬೇಕು ಎಂದು ಮೇಸ್ತ್ರಿಯೇ ಹೇಳಿದ್ದನಂತೆ. ಆಗ ನಾನು ಹೊರಗೆ ಕಾಯಿ ಒಡೆದು ಓಣಿಯವರಿಗೆ ಭಾಷಣ ಮಾಡುತ್ತಿದ್ದೆನಂತೆ. ಅವಳು ಮಾಡಿದ ವಾರಕ್ಕೊಂದು ವಿಭೂತಿಯ ಬೊಟ್ಟು ಇಟ್ಟಿದ್ದಳು.

‘ಮತ್ತ ಈ ಕೆಂಪು ಯಾಕ್ರಿ ಅಕ್ಕಾ?’

‘ದೋಷ ಸಿಕ್ಕ ದಿನದ್ದು. ಒಮ್ಮಿ ಪಟ್ಟಾ ಸಡ್ಲಾಗಿತ್ತು, ಒಮ್ಮಿ ಎಣ್ಣಿ ತೂತು ಕಟ್ಟಿತ್ತು. ಸರಿ ಮಾಡಿ ಕುಂಕುಮ ಇಟ್ಟೀನಿ.’

ರಸೂಲ ನಾಲ್ಕು ವರ್ಷದ ಸಾಲನ್ನು ಬೆರಳಿಟ್ಟು ನೋಡುತ್ತ ಬಂದ. ಒಂದು ವಾರವೂ ತಪ್ಪಿರಲಿಲ್ಲ. ಕೊನೆಯಲ್ಲಿ ನಿನ್ನೆಯ ಸೋಮವಾರವೊಂದೇ ಖಾಲಿ. ಪುಣೆಯಲ್ಲೂ ಇಷ್ಟು ಬರಾಬರ್ ಲೆಕ್ಕ ಇಡುವುದಿಲ್ಲ ಎಂದ. ಪುಣೆಯ ವಿಷಯ ಮಾತಾಡಲು ಇದು ಸಮಯವಲ್ಲ ಎಂದು ನನಗನಿಸಿತು.

ಗೇರು ಬುಧವಾರ ಸಂಜೆಯ ಬಸ್ಸಿಗೆ ಅಫಜಲಪುರ ಸೇರಿತು. ಕಡಿದವನು ನಾನೇ, ಅರ್ಧ ತಾಸಿಗೊಮ್ಮೆ ಹಿಂಗೈ ತಾಗಿಸಿ ಅಪ್ಪಣೆ ಕೊಡುತ್ತಿದ್ದವಳು ಬಾಳಮ್ಮ. ಆದರೆ ಅದಕ್ಕೂ ಮೊದಲು, ಆ ಮಂಗಳವಾರವೇ ಅವಳು ಒಳಗೆ ಹೋಗಿ ಮೂರು ಕಪ್ ಚಹಾ ತಂದಿದ್ದಳು. ನನ್ನ ಬೋರ್ಡನ್ನು ಬಿಚ್ಚಿ ಬಾಗಿಲ ಹೊರಗೆ, ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ತೂಗುಹಾಕಿದಳು. ನನ್ನ ಚಹಾ ಹೊಸ್ತಿಲಿನ ಆಚೆಗೇ ಬಂತು. ಆಮೇಲೆ ಕುಂಕುಮದ ಬಟ್ಟಲು ತೆಗೆದುಕೊಂಡು, ಖಾಲಿ ಉಳಿದಿದ್ದ ಸೋಮವಾರದ ಜಾಗದಲ್ಲಿ ಒಂದು ಕೆಂಪು ಬೊಟ್ಟು ಇಟ್ಟಳು.

ಈ ಸಲ ದೋಷ ಎಲ್ಲಿತ್ತು ಎಂದು ರಸೂಲ ಕೇಳಲಿಲ್ಲ. ಇಬ್ಬರೂ ಚಹಾ ಕುಡಿಯುತ್ತ ನನ್ನ ಕಡೆ ನೋಡಿದರು.