ಎರಡು ಹಸಿರು ಡಬ್ಬಿಗಳ ಕುರಿತು ಚಹಾ ಅಂಗಡಿಯ ರುಚಿ ಸಲಹೆಗಾರರಿಗೆ

ಮಾನ್ಯ ರುಚಿ ಸಲಹೆಗಾರರೇ,

ಕಬ್ಬಿಣದ ಪುಡಿ ಮೆತ್ತಿದ ಕೈಗಳನ್ನು ಸೋಪು ಹಾಕಿ ಉಜ್ಜಿ ತೊಳೆದುಕೊಂಡು, ಬೀಗ ರಿಪೇರಿಯ ನನ್ನ ಪುಟ್ಟ ಅಂಗಡಿಯ ಶಟರನ್ನು ಅರ್ಧ ಇಳಿಸಿ, ತಮಗೆ ಭಕ್ತಿಪೂರ್ವಕ ನಮಸ್ಕಾರಗಳನ್ನು ಸಲ್ಲಿಸುತ್ತಿದ್ದೇನೆ. ತಾವೂ, ತಮ್ಮ ಬಿಳಿ ಕೋಟೂ, ಅದರ ಎದೆಯ ಮೇಲಿನ ಹಿತ್ತಾಳೆಯ ಬಿಲ್ಲೆಯೂ, ಡಬ್ಬಿಯ ಮುಚ್ಚಳ ತೆಗೆಯುವಾಗ ತಾವು ಕಣ್ಣು ಮುಚ್ಚಿ ನಿಲ್ಲುವ ಆ ಭಂಗಿಯೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದು ತಮ್ಮ ಕೀರ್ತಿ ನಾಲ್ಕು ಜನರಿಗೆ ತಲುಪಲಿ ಎಂಬ ಸದುದ್ದೇಶದಿಂದ ಮಾತ್ರ.

ತಮ್ಮಲ್ಲಿಗೆ ನಾನು ಬಂದ ಹಿನ್ನೆಲೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿಗೆ ಎದೆಯುರಿ ಹೆಚ್ಚಾಗಿ, ವೈದ್ಯರು ಕಾಫಿ ಬಿಡಬೇಕೆಂದೂ, ಬೇಕೇ ಬೇಕೆನಿಸಿದರೆ ಹಸಿರು ಚಹಾ ಒಂದು ಬಟ್ಟಲು ಕುಡಿಯಬಹುದೆಂದೂ ಹೇಳಿದರು. ನಮ್ಮೊಂದಿಗೇ ಇರುವ ನನ್ನ ಅತ್ತೆಯವರು, ಮಗಳ ಮೇಲಿನ ಮಮತೆಯಿಂದ, ಅದೇ ಸಂಜೆ ಕಾಫಿಪುಡಿಯನ್ನು ಕಸದ ಬುಟ್ಟಿಗೂ, ಕಾಫಿ ಪಾತ್ರೆಯನ್ನು ಎದುರುಮನೆಗೂ ಸೇರಿಸಿಬಿಟ್ಟರು. ಆ ಪಾತ್ರೆ ನನ್ನ ಹೆಂಡತಿ ತನ್ನ ಮೊದಲ ಸಂಬಳದಲ್ಲಿ ಕೊಂಡದ್ದು. ಅಂದಿನಿಂದ ತಾಯಿ ಮಗಳಿಗೆ ಮಾತಿಲ್ಲ. ಊಟದ ಮೇಜಿನ ಈ ತುದಿಯಿಂದ "ರೀ, ನಿಮ್ಮ ಅತ್ತೆಗೆ ಉಪ್ಪು ಬೇಕಾ ಕೇಳಿ" ಎಂದು ಒಂದು ದನಿ, ಆ ತುದಿಯಿಂದ "ಅಳಿಯಂದ್ರೇ, ನಿಮ್ಮ ಹೆಂಡ್ತಿಗೆ ಹೇಳಿ, ಉಪ್ಪು ನನ್ನ ಕೈಯಲ್ಲೇ ಇದೆ" ಎಂದು ಇನ್ನೊಂದು ದನಿ. ನಡುವೆ ನಾನು, ತುತ್ತು ಬಾಯಿಗಿಡಲೂ ಬಿಡುವಿಲ್ಲದ ಅಂಚೆಯವನು. ಕಾಫಿಯಿಲ್ಲದ ಹೆಂಡತಿಯ ತಲೆನೋವು, ಮಾತಿಲ್ಲದ ಅತ್ತೆಯ ನಿಟ್ಟುಸಿರು ಎರಡಕ್ಕೂ ಒಂದೇ ಮದ್ದು ಹುಡುಕಿಕೊಂಡು ತಮ್ಮ ಗಾಜಿನ ಬಾಗಿಲು ತಳ್ಳಿದೆ.

ತಾವು ನನ್ನನ್ನು ಬರಮಾಡಿಕೊಂಡ ರೀತಿಯನ್ನು ಹೇಗೆ ಮರೆಯಲಿ! ಹೆಂಡತಿ ಕಾಫಿ ಬಿಟ್ಟಿದ್ದಾಳೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಜಪಾನಿನ ಮಾಚಾ ಎಂಬ ಹಸಿರು ಚಹಾ ಪುಡಿಯ ಡಬ್ಬಿಯೊಂದನ್ನು ತಾವು ಕೂಸಿನಂತೆ ಎತ್ತಿ ತಂದಿರಿ. "ಸರ್, ಇದು ಮೊದಲ ಕೊಯ್ಲಿನ ಎಲೆ. ನೆರಳಲ್ಲಿ ಬೆಳೆಸಿ, ಕಲ್ಲಲ್ಲಿ ಬೀಸಿದ್ದು. ಇದಕ್ಕಿಂತ ಮೇಲಿನದು ಇಲ್ಲವೇ ಇಲ್ಲ" ಎಂದಿರಿ. ಕುಡಿಯುವವರು ಯಾರು, ಅವರಿಗೆ ಕಹಿ ಸೇರುತ್ತದೆಯೇ, ಹಾಲು ಹಾಕುತ್ತಾರೋ ಬರೀ ನೀರಿನಲ್ಲೋ ಎಂಬ ಕ್ಷುಲ್ಲಕ ಪ್ರಶ್ನೆಗಳಿಂದ ನನ್ನ ಅಮೂಲ್ಯ ಸಮಯವನ್ನು ಹಾಳುಮಾಡದ ತಮ್ಮ ಸೌಜನ್ಯಕ್ಕೆ ನಾನು ಚಿರಋಣಿ. ಹೊರಗೆ ಬಂದವನೇ ಮನೆಗೆ ಫೋನು ಮಾಡಿ, ಮಾಚಾ ತರುತ್ತಿದ್ದೇನೆ ಎಂದೆ. ಅತ್ತೆಯವರಿಗೆ ಅದು ಮಂಚ ಎಂದು ಕೇಳಿಸಿ, ನಾನು ಬರುವಷ್ಟರಲ್ಲಿ ಮಲಗುವ ಕೋಣೆಯ ಕಿಟಕಿ ಪಕ್ಕದ ಕಪಾಟನ್ನು ಸರಿಸಿ ಜಾಗ ಮಾಡಿಟ್ಟುಕೊಂಡಿದ್ದರು. ನನ್ನ ಜೇಬಿನಿಂದ ಅಂಗೈಯಗಲದ ಡಬ್ಬಿ ಹೊರಬಂದಾಗ ಅವರ ಮುಖದಲ್ಲಿ ಕಂಡದ್ದನ್ನು ಇಲ್ಲಿ ವರ್ಣಿಸಲಾರೆ.

ನನ್ನ ಹೆಂಡತಿ ಕಾಫಿಯ ಕಾಲದ ಅಭ್ಯಾಸದಂತೆ ಕುದಿಯುವ ಹಾಲು ಸುರಿದು, ಧಾರಾಳವಾಗಿ ಸಕ್ಕರೆ ಹಾಕಿ, ತಾವು ಕಣ್ಣು ಮುಚ್ಚಿ ಮೂಸಿದ್ದ ಆ ಪುಡಿಯನ್ನು ಕದಡಿ ಕುಡಿದಳು. ಮೊದಲ ಕೊಯ್ಲಿನ ಆ ನಾಜೂಕು ರುಚಿ ಹಾಲಿನಲ್ಲಿ ಎಲ್ಲಿ ಮುಳುಗಿತೋ ಪತ್ತೆಯಾಗಲಿಲ್ಲ. "ಇದೇನ್ರೀ, ಹಾಲಿಗೆ ಬಣ್ಣ ಹೊಡೆಸ್ಕೊಂಡು ಬಂದಿದ್ದೀರಾ?" ಎಂದು ಲೋಟ ಕೆಳಗಿಟ್ಟಳು.

ಮತ್ತೆ ತಮ್ಮ ಪಾದಕ್ಕೇ ಬಂದೆ. ರುಚಿಯೇ ಗೊತ್ತಾಗಲಿಲ್ಲವೆಂದು ವಿನಂತಿಸಿಕೊಂಡೆ. ತಾವು ಮುಗುಳ್ನಕ್ಕು, ಕೊಂಚ ಮಂಕು ಹಸಿರಿನ ಇನ್ನೊಂದು ಡಬ್ಬಿಯನ್ನು ಕೆಳಗಿನ ಕಪಾಟಿನಿಂದ ತೆಗೆದು, "ಇದು ಗಟ್ಟಿ ಆಸಾಮಿ ಸರ್. ಬರೀ ಬಿಸಿನೀರಲ್ಲಿ ಕಲಸಿ, ರುಚಿ ಎದ್ದು ಬರುತ್ತೆ" ಎಂದಿರಿ. ಅದು ಹಾಲಿಗೆ, ಕೇಕಿಗೆ, ಐಸ್‌ಕ್ರೀಮಿಗೆ ಬೆರೆಸಲೆಂದೇ ಮಾಡಿದ ಕೊನೆಯ ಕೊಯ್ಲಿನ ಪುಡಿಯೆಂಬ ಗುಟ್ಟನ್ನು ಡಬ್ಬಿಯ ತಳದ ಸಣ್ಣ ಅಕ್ಷರಗಳಿಗೇ ಬಿಟ್ಟಿರಿ. ಕುದಿಯುವ ನೀರಿನಲ್ಲಿ ನಾನೇ ಖುದ್ದಾಗಿ ಕಲಸಿಕೊಟ್ಟೆ. ಹೆಂಡತಿ ಒಂದು ಗುಟುಕು ಕುಡಿದು, ಮುಖವನ್ನು ಹಿಂಡಿದ ಬಟ್ಟೆಯಂತೆ ಮಾಡಿಕೊಂಡು, "ನನ್ನ ಮೇಲೆ ಸಿಟ್ಟಿದ್ರೆ ಬಾಯಿಬಿಟ್ಟು ಹೇಳಿ, ಹೀಗೆಲ್ಲ ಕುಡಿಸ್ಬೇಡಿ" ಎಂದಳು. ಆ ರಾತ್ರಿಯ ಊಟದಲ್ಲಿ ಉಪ್ಪಿನ ಬಗ್ಗೆಯೂ ಯಾರೂ ನನ್ನಿಂದ ಹೇಳಿಕಳಿಸಲಿಲ್ಲ. ಅಂಚೆಯವನ ಕೆಲಸವೂ ಹೋದಾಗ ನಿಜವಾಗಿ ಹೆದರಿಕೆಯಾಯಿತು, ಮಾನ್ಯರೇ. ಮರುದಿನ ಕದ ತೆರೆಯಲು ಕರೆದವರ ಮನೆಯಲ್ಲಿ ಕೀಲಿ ತಿರುಗಿಸುತ್ತ ತಿರುಗಿಸುತ್ತ ನನ್ನ ಕಣ್ಣು ಮಂಜಾಯಿತೆಂದು ತಮ್ಮಂಥ ದೊಡ್ಡವರೆದುರು ಒಪ್ಪಿಕೊಳ್ಳಲು ನಾಚಿಕೆಯೇನೂ ಇಲ್ಲ.

ಮುಂದೆ ನಡೆದದ್ದರಲ್ಲಿ ತಮ್ಮ ಪಾತ್ರ ಕಿಂಚಿತ್ತೂ ಇಲ್ಲವಾದ್ದರಿಂದ ಅದನ್ನು ವಿಶೇಷ ಸಂತೋಷದಿಂದ ತಿಳಿಸುತ್ತಿದ್ದೇನೆ. ರಜೆಯ ದಿನದ ಮಧ್ಯಾಹ್ನ ಅತ್ತೆಯವರು, ತಂದ ವಸ್ತು ದಂಡವಾಗಬಾರದೆಂದು, ಮೂಲೆ ಸೇರಿದ್ದ ಮೊದಲನೆಯ ಡಬ್ಬಿಯನ್ನು ತೆಗೆದರು. ನೀರು ಕಾಯಿಸಿಟ್ಟರು, ಅಷ್ಟರಲ್ಲಿ ಅವರ ತಂಗಿಯ ಫೋನು ಬಂತು. ಅಕ್ಕ ತಂಗಿಯರ ಮಾತು ಮುಗಿಯುವ ಹೊತ್ತಿಗೆ ನೀರಿನ ಕುದಿ ಇಳಿದು, ಬೆರಳು ಅದ್ದುವಂತಿಲ್ಲದಿದ್ದರೂ ನಾಲಿಗೆ ಸುಡದಷ್ಟು ಹದಕ್ಕೆ ಬಂದಿತ್ತು. ಗಂಟಿರುವ ಪುಡಿಯನ್ನು ಕಂಡರಾಗದ ಅವರು ಹಿಟ್ಟಿನ ಜರಡಿಯಲ್ಲಿ ಅದನ್ನು ಸಾಣಿಸಿ, ಚೂರೇ ಚೂರು ಬಟ್ಟಲಿಗೆ ಹಾಕಿ, ಮೊಟ್ಟೆ ಕಡೆಯುವ ತಂತಿಯಿಂದ ನೊರೆ ಬರುವವರೆಗೆ ಕಡೆದು, ಹಾಲೂ ಇಲ್ಲದೆ ಸಕ್ಕರೆಯೂ ಇಲ್ಲದೆ ಕುಡಿದರು.

ಕುಡಿದವರೇ ಪಕ್ಕದ ಕೋಣೆಯತ್ತ ಕೂಗಿದರು: "ಬಾರೇ ಇಲ್ಲಿ! ಒಂದು ಗುಟುಕು ಕುಡಿದು ನೋಡೇ!"

ತಾನು ಮಾತು ಬಿಟ್ಟಿದ್ದೇನೆಂಬುದನ್ನು ಮರೆತ ನನ್ನ ಹೆಂಡತಿ ಕೈಯಲ್ಲಿದ್ದ ಬಟ್ಟೆ ಬಿಸಾಡಿ ಬಂದಳು. ಕುಡಿದಳು. "ಅಮ್ಮಾ, ಕಹಿನೇ ಇಲ್ವಲ್ಲ! ಎಳೆ ಬಟಾಣಿ ತಿಂದ ಹಾಗಿದೆ. ಏನು ಮಾಡ್ದೆ?" ಎಂದವಳು, ತಕ್ಷಣ ಎಲ್ಲ ನೆನಪಾಗಿ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಬಾಗಿಲಲ್ಲಿ ನಾನು ನಿಂತಿದ್ದೆ.

"ಏನೂ ಮಾಡ್ಲಿಲ್ಲ ಕಣೇ" ಎಂದರು ಅತ್ತೆ, ಬಟ್ಟಲನ್ನೇ ನೋಡುತ್ತ. "ಆ ಪಾತ್ರೆ ನಿನ್ನನ್ನ ಕೇಳ್ದೆ ಕೊಟ್ಟಿದ್ದು ತಪ್ಪಾಯ್ತು. ರಾತ್ರಿಯೆಲ್ಲ ಎದೆ ಹಿಡ್ಕೊಂಡು ಓಡಾಡ್ತಿದ್ದೆ ನೀನು. ನೋಡೋಕಾಗ್ಲಿಲ್ಲ."

"ಕೇಳಿದ್ರೆ ನಾನೇ ಕೊಡ್ತಿದ್ನಲ್ಲಮ್ಮ" ಎಂದಳು ಇವಳು. ಅತ್ತೆ, "ಸುಳ್ಳು ಹೇಳ್ಬೇಡ" ಎಂದರು. ಇಬ್ಬರೂ ನಕ್ಕರು. ನಕ್ಕು ಕಣ್ಣೊರೆಸಿಕೊಂಡ ಮೇಲೆ ಮಗಳು ಎರಡನೆಯ ಡಬ್ಬಿ ತೆಗೆದು, ಅದರ ತಳದ ಅಕ್ಷರಗಳನ್ನು ಕನ್ನಡಕ ಹಾಕಿ ಓದಿ, ಬಿಸಿ ಹಾಲು ಸಕ್ಕರೆಯೊಂದಿಗೆ ಆ ಗಟ್ಟಿ ಆಸಾಮಿಯನ್ನು ಕಲಸಿಕೊಂಡಳು. ಹಾಲಿಗೆ ಹೆದರದ ಆ ಕಹಿ ಕೊನೆಗೂ ಅವಳಿಗೆ ಕಾಫಿಯ ನೆನಪು ಮರೆಸಿತು. ಜಗಳದ ವಿಷಯ ತಿಳಿದು ಎದುರುಮನೆಯವರು ಪಾತ್ರೆಯನ್ನು ಹಿಂದಿರುಗಿಸಲು ಬಂದಾಗ, ಇರಲಿ ಇಟ್ಟುಕೊಳ್ಳಿ ಎಂದು ತಾನೇ ಹೇಳಿ ಕಳಿಸಿದಳು.

ಇಷ್ಟಾದ ಮೇಲೆ ದೂರೇನೆಂದು ತಾವು ಕೇಳಬಹುದು. ದೂರು ಇದು: ಈಗ ತಾಯಿ ಮಗಳು ಒಂದಾಗಿದ್ದಾರೆ, ನನ್ನ ವಿರುದ್ಧ. "ನೀರಿಗೆ ಯಾವ್ದು, ಹಾಲಿಗೆ ಯಾವ್ದು ಅಂತ ಕೇಳಿ ತರೋಕೆ ಆಗ್ಲಿಲ್ವಾ?" ಎಂದು ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಮುಗಿಸುತ್ತಾರೆ. ತಾವು ಗಳಿಸಿದ ಈ ಬೈಗುಳಗಳನ್ನು ನಾನೊಬ್ಬನೇ ಅನುಭವಿಸುವುದು ನ್ಯಾಯವಲ್ಲ. ಆದ್ದರಿಂದ ತಾವು ದಯಮಾಡಿ ಪ್ರತಿದಿನ ಸಂಜೆ ನಮ್ಮ ಮನೆಗೆ ಬಿಳಿ ಕೋಟಿನಲ್ಲೇ ಆಗಮಿಸಿ, ಊಟದ ಮೇಜಿನ ನಡುವೆ ಕುಳಿತು, ತಮ್ಮ ಪಾಲಿನದನ್ನು ಸ್ವೀಕರಿಸಬೇಕೆಂದು ಪ್ರಾರ್ಥನೆ. ಅದಾಗದಿದ್ದರೆ ಮುಂದೆ ಬರುವ ಗಿರಾಕಿಯನ್ನು "ಹೇಗೆ ಕುಡೀತೀರಿ?" ಎಂದು ಒಮ್ಮೆ ಕೇಳಿಬಿಡಿ. ಕಣ್ಣು ಬೇಕಾದರೆ ಆಮೇಲೆ ಮುಚ್ಚಿಕೊಳ್ಳಬಹುದು.

ಇನ್ನೂ ಬೈಸಿಕೊಳ್ಳುತ್ತಲೇ ಇರುವ,
ತಮ್ಮ ವಿಶ್ವಾಸಿ
ಬೀಗ ರಿಪೇರಿಯವನು

ಮರೆತ ಮಾತು: ಮೊದಲನೆಯ ಡಬ್ಬಿ ತಳ ಕಂಡಿದೆ. ಸೋಮವಾರ ಅತ್ತೆಯವರು ಖುದ್ದಾಗಿ ತಮ್ಮ ಅಂಗಡಿಗೆ ದಯಮಾಡಿಸಿ, ಎಲ್ಲ ಡಬ್ಬಿಗಳನ್ನೂ ತೆರೆಸಿ, ಬಣ್ಣ ನೋಡಿ, ಮೂಸಿ, ಕೊಯ್ಲಿನ ವಿಚಾರ ವಿಚಾರಿಸಲಿದ್ದಾರೆ. ಅವರು "ಒಂದೇ ಒಂದು ಮಾತು ಕೇಳ್ತೀನಿ" ಎಂದ ಕೂಡಲೇ ಒಂದು ಕುರ್ಚಿ ಹಾಕಿಸಿ. ಅವರಿಗೆ ನಿಂತು ಅಭ್ಯಾಸವಿದೆ, ಕುರ್ಚಿ ತಮಗೆ.