ಪಂಡಿತರ ಕಥಿ ಕ್ಲಾಸು

ಕಥೆ ಬರೆಯಲು ಕಲಿಸುವ ಕಡೆ ಕಥೆಗಿಂತ ಫಜೀತಿಗಳೇ ಹೆಚ್ಚು ಹುಟ್ಟುತ್ತವೆ. ನಮ್ಮ ಕ್ಲಾಸಿನಲ್ಲಂತೂ ಅದಕ್ಕೆ ಬರವೇ ಇರಲಿಲ್ಲ. ನಿಜಾಮರ ಕಾಲ. ಬೀದರಿನ ನಮ್ಮ ಕಾಲೇಜಿನಲ್ಲಿ ಲೆಕ್ಕದಿಂದ ಹಿಡಿದು ಇತಿಹಾಸದವರೆಗೆ ಎಲ್ಲ ಪಾಠವೂ ಉರ್ದುವಿನಲ್ಲಿ. ಕನ್ನಡಕ್ಕೆ ದಕ್ಕಿದ್ದು ಗುರುವಾರ ಸಂಜೆಯ ಒಂದು ತಾಸು. ಆ ತಾಸಿನಲ್ಲಿ ನಮ್ಮ ಪಂಡಿತರು ಕಥೆ ಬರೆಯುವುದನ್ನು ಕಲಿಸುತ್ತಿದ್ದರು. ತಾವು ಒಂದೂ ಕಥೆ ಬರೆದವರಲ್ಲ. ಹಾಗಾಗಿ ಕಥೆ ಹೇಗಿರಬೇಕೆಂಬ ಬಗ್ಗೆ ಅವರಿಗೆ ಯಾವ ಸಂಶಯವೂ ಇರಲಿಲ್ಲ.

ಮೊದಲ ಸಾಲು

"ಮೊದಲನೇ ಸಾಲಿಗೇ ಓದುವವರು ಬೆಚ್ಚಿ ಬೀಳಬೇಕು" ಎಂದರು ಪಂಡಿತರು.

ಔರಾದದ ನನ್ನ ಗೆಳೆಯ ಬರೆದು ತಂದ: 'ಗೌಡರು ಬಾವಿಗೆ ಬಿದ್ದು ಸತ್ತರು.' ಕೆಳಗೆ ಹಾಳೆಯೆಲ್ಲ ಖಾಲಿ.

"ಮುಂದ?"

"ಮುಂದೇನದರಿ? ಕಥಿ ಗೌಡ್ರದೇ ಇತ್ತು. ಅವರೇ ಹೋದ್ರು."

ಮಾತಿನ ಪಾಠ

"ಜನ ಹ್ಯಾಂಗ ಮಾತಾಡ್ತಾರ, ಕಿವಿಗೊಟ್ಟು ಕೇಳ್ರಿ. ಹಂಗೇ ಬರೀರಿ" ಎಂದು ಇನ್ನೊಂದು ಪಾಠ. ರಜೆಗೆ ನನ್ನೂರು ಭಾಲ್ಕಿಗೆ ಹೋದೆ. ಪೇಟೆಯಲ್ಲಿ ಇಬ್ಬರು ಹೆಂಗಸರು ಹರಟುತ್ತ ನಡೆದಿದ್ದರು. ಖಟಕ ಚಿಂಚೋಳಿಯಿಂದ ವರ ನೋಡಲು ಬಂದ ಅಕ್ಕತಂಗಿಯರೆಂದು ಮಾತಿನಿಂದಲೇ ತಿಳಿಯಿತು. ಇಂಥ ಮಾತು ಮತ್ತೆಲ್ಲಿ ಸಿಕ್ಕೀತು? ಬೆನ್ನ ಹಿಂದೆಯೇ ಹೆಜ್ಜೆ ಹಾಕಿದೆ. ಅವರು ನಿಂತರೆ ನಿಂತೆ. ಬಳೆ ಅಂಗಡಿ ಹೊಕ್ಕರೆ ಹೊಕ್ಕೆ.

"ಅಕ್ಕಾ, ಈ ಖೋಡಿ ಆಗಿನಿಂದ ಬೆನ್ನು ಹತ್ಯಾನ ನೋಡು" ಎಂದಳು ತಂಗಿ. "ಇವನ ತಾಯಿ ಇವಗೇನು ಕಲಿಸ್ಯಾಳೋ!"

ಆ ಮಾತನ್ನೂ ಬಿಡದೆ ಬರೆದುಕೊಂಡೆ. ಮಧ್ಯಾಹ್ನ ಅವ್ವ ನನಗೆ ಹೊಸ ಧೋತರ ಉಡಿಸಿ ಪಡಸಾಲೆಗೆ ಕರೆದಳು. ವರನನ್ನು ನೋಡಲು ಬಂದು ಕೂತವರು ಅವರೇ. ಚಹಾ ಮುಟ್ಟದೆ ಎದ್ದು ಹೋದರು.

ನಡೆದದ್ದನ್ನು ನಡೆದ ಹಾಗೆಯೇ ಬರೆದು ಪಂಡಿತರಿಗೆ ಕೊಟ್ಟೆ. ಓದಿ ತಲೆ ಕೊಡವಿದರು.

"ಮಾತು ಭಾಳ ಛಲೋ ಬಂದಾವ. ಆದ್ರ ಕಡೀಕ ಅವರೇ ಮನಿಗಿ ಬರೋದು ನಂಬಂಗಿಲ್ಲ. ಖರೇ ಬಾಳಿನ್ಯಾಗ ಹಿಂಗೆಲ್ಲ ಆಗಂಗಿಲ್ಲಪಾ."

ಅಮೀನರ ತಿದ್ದುಪಡಿ

ವರ್ಷದ ಕೊನೆಗೆ ಕಥೆ ಓದುವ ಸಭೆ. ಆಗ ನಾಲ್ಕು ಜನ ಸೇರಬೇಕೆಂದರೂ ಸರಕಾರದ ಅಪ್ಪಣೆ, ಇಜಾಜತ್ತು ಬೇಕು. ಇಜಾಜತ್ತೇನೋ ಸಿಕ್ಕಿತು, ಅದರ ಹಿಂದೆಯೇ ಪೊಲೀಸು ಅಮೀನರೂ ಬಂದು ಮುಂದಿನ ಖುರ್ಚಿಯಲ್ಲಿ ಕೂತರು. ಅವರು ಮುನಿದರೆ ಕ್ಲಾಸೇ ಬಂದ್. ಪಂಡಿತರು ಅವರ ಬೆನ್ನ ಹಿಂದೆ ಕೈಕಟ್ಟಿ ನಿಂತರು.

ಔರಾದದ ಗೆಳೆಯ ಓದಿದ. ಕಳ್ಳನೊಬ್ಬ ರೈತನ ಎತ್ತುಗಳನ್ನು ಹೊಡೆದುಕೊಂಡು ಮಾಂಜ್ರಾ ಹೊಳೆ ದಾಟಿ ಪಾರಾದ. ಅಲ್ಲಿಗೆ ಕಥೆ ಮುಗಿಯಿತು. ಅಮೀನರು ಎದ್ದು ನಿಂತರು.

"ಚೋರ ಯಾರು?"

"ಖಯಾಲಿ ಚೋರರಿ, ಸಾಹೇಬ್ರ. ಬರೇ ಕಲ್ಪನಾದಾಂವ."

"ಖಯಾಲಿ ಇರ್ಲಿ, ಅಸ್ಲಿ ಇರ್ಲಿ. ಸಿಗಲಿಲ್ಲ ಅಂದ್ರ ಪೊಲೀಸರ ಇಜ್ಜತ್ ಏನು ಉಳೀತು? ಹಿಡಿ ಅವನ್ನ!"

"ಹಿಡಿಯೋ ತಮ್ಮಾ, ಹಿಡಿ!" ಎಂದು ಪಂಡಿತರು ಹಿಂದಿನಿಂದ ಕೈಮುಗಿದರು.

ಗೆಳೆಯ ನಿಂತಲ್ಲೇ ಕಥೆ ಬೆಳೆಸಿದ. ಅಮೀನರೊಬ್ಬರು ಕುದುರೆ ಏರಿ ಬಂದರು, ನಡುಹೊಳೆಯಲ್ಲೇ ಕಳ್ಳನ ಕುತ್ತಿಗೆಗೆ ಕೈಹಾಕಿದರು, ಎತ್ತುಗಳು ಸಂಜೆಯೊಳಗೆ ಕೊಟ್ಟಿಗೆ ಸೇರಿದವು. "ಬಹುತ್ ಖೂಬ್!" ಎಂದು ಮೀಸೆ ತೀಡುತ್ತ ಅಮೀನರು ಕೂತರು. ಪಂಡಿತರಿಗೆ ಜೀವ ಬಂತು.

ಆಗ, ಮಗನಂಥ ಹುಡುಗನ ಕಥೆ ಕೇಳಲೆಂದು ಔರಾದದಿಂದ ಬಂದಿದ್ದ ಗೆಳೆಯನ ಕಾಕಾ ಕಣ್ಣೊರೆಸಿಕೊಳ್ಳುತ್ತ ಎದ್ದ.

"ತಮ್ಮಾ, ನನ್ನ ಎತ್ತು ಕಳುವಾಗಿ ವರ್ಷ ಆತು. ಠಾಣೇಕ ತಿರುಗಿ ತಿರುಗಿ ಕಾಲಾಗಿನ ಕೆರ ಹರದು ಹೋದ್ವು. ನಂದೂ ಒಂದು ಕಥಿ ಬರದು ಬಿಡೋ, ಸಂಜಿಯೊಳಗ ಸಿಗ್ತಾವ!"