ಅಜ್ಜಿಯ ಡಬ್ಬಿಗೆ ಮೂರು ಕರಿ ಮುದ್ರೆ

ಅಜ್ಜಿಯ ಬಿಸ್ಕತ್ತಿನ ಡಬ್ಬಿಗೆ ಮೊಮ್ಮಗಳು ಪುಟ್ಟಿ ಕೈ ಹಾಕುವುದನ್ನು ಬಿಟ್ಟು ಐದು ತಿಂಗಳು ಹನ್ನೊಂದು ದಿನವಾಗಿತ್ತು. ಹನ್ನೆರಡಲ್ಲ, ಹನ್ನೊಂದು. ನಲವತ್ತು ವರ್ಷ ದರ್ಜಿ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಕಾಜಾ ಹೊಲಿದವಳು ಅಜ್ಜಿ. ಒಂದು ನೂಲಿನಷ್ಟು ಆಚೀಚೆಯಾದರೂ ಗುಂಡಿ ಕೂರುವುದಿಲ್ಲ ಎಂದು ಬಲ್ಲವಳು. ಹಾಗಾಗಿ ದುಃಖವನ್ನೂ ಅಳತೆ ಹಿಡಿದೇ ಪಡುತ್ತಿದ್ದಳು.

ಮೊದಲು ಹೀಗಿರಲಿಲ್ಲ. ಭಾನುವಾರ ಬಿಸ್ಕತ್ತು ಬೇಯುವ ವಾಸನೆ ಬಂದರೆ ಸಾಕು, ಪುಟ್ಟಿ ಅಡುಗೆಮನೆಯ ಬಾಗಿಲಲ್ಲಿ ಹಾಜರು. ಹದಿನೈದು ತುಂಬಿತು ನೋಡಿ, ಅವಳ ನಾಲಿಗೆಯೇ ಬದಲಾಯಿತು. ಶಾಲೆ ಬಿಟ್ಟೊಡನೆ ಇಬ್ಬರು ಗೆಳತಿಯರ ಜೊತೆ ಬೀದಿ ಮೂಲೆಯ ಅಂಗಡಿಗೆ ನುಗ್ಗುವುದು, ಪರಪರ ಎನ್ನುವ ಪೊಟ್ಟಣಗಳನ್ನು ತರುವುದು, ಅಜ್ಜಿಯ ಡಬ್ಬಿಯ ಪಕ್ಕದಲ್ಲೇ ಕೂತು ತಿನ್ನುವುದು. ಪಕ್ಕದಲ್ಲೇ! (ಸವತಿಯನ್ನು ತಂದು ಎದುರಿಗೆ ಕೂರಿಸಿದ ಹಾಗೆ, ಎಂದು ಅಜ್ಜಿ ಗೋಡೆಯ ಮೇಲಿದ್ದ ಗಂಡನ ಫೋಟೋಗೆ ದೂರು ಕೊಟ್ಟಳು. ಬದುಕಿದ್ದಾಗಲೇ ಎದುರಾಡದ ಮನುಷ್ಯ, ಈಗೇನು ಹೇಳಿಯಾನು.)

ಹೀಗಿರಲು ಒಂದು ಸಂಜೆ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಸೊಸೆ ಶುಭ ಸಮಾಚಾರ ತಂದಳು.

"ಅತ್ತೆ, ಇನ್ಮೇಲೆ ಸರ್ಕಾರದವರು ಪ್ಯಾಕೆಟ್ ತಿಂಡಿಗೆಲ್ಲ ಕರಿ ಮುದ್ರೆ ಹಾಕಿಸ್ತಾರಂತೆ. ಉಪ್ಪು, ಸಕ್ಕರೆ, ಕೊಬ್ಬು ಹೆಚ್ಚಿದ್ರೆ ಎದುರಿಗೇ ಬರೆದಿರಬೇಕು. ಮಕ್ಕಳು ನೋಡಿ ಬಿಡಲಿ ಅಂತ."

"ಅಂತೂ ಬುದ್ಧಿ ಬಂತಲ್ಲ ಇವರಿಗೆ!" ಎಂದು ಅಜ್ಜಿ ಕೈಮುಗಿದಳು.

ಮುದ್ರೆಯ ಪೊಟ್ಟಣಗಳು ಬಂದ ದಿನ ಅಜ್ಜಿ ಕಸದ ಬುಟ್ಟಿಯಿಂದ ಒಂದನ್ನು ಎತ್ತಿ, ಒರೆಸಿ, ಕಿಟಕಿಯ ಬಳಿ ಕನ್ನಡಕ ಏರಿಸಿ ಕೂತಳು. ಅಜ್ಜಿಯ ಓದು ಎರಡನೇ ತರಗತಿಗೇ ನಿಂತಿತ್ತು. ಒಂದೊಂದು ಅಕ್ಷರವನ್ನೂ ಸೂಜಿಗೆ ದಾರ ಪೋಣಿಸುವಂತೆ ಪೋಣಿಸಿ, ಸೊಸೆ ಮನೆಗೆ ಬರುವಷ್ಟರಲ್ಲಿ ಮೂರು ಮುದ್ರೆಯನ್ನೂ ಓದಿ ಮುಗಿಸಿದಳು. ಕಪ್ಪು ಬಣ್ಣ, ಎಂಟು ಮೂಲೆ, ಒಳಗೆ ಬಿಳಿ ಅಕ್ಷರ. ಉಪ್ಪು ಹೆಚ್ಚು. ಸಕ್ಕರೆ ಹೆಚ್ಚು. ಕೊಬ್ಬು ಹೆಚ್ಚು. (ಮುಖದ ಮೇಲೇ ಹಾಗೆ ಬರೆಸಿಕೊಂಡು ಅಂಗಡಿಯಲ್ಲಿ ಮೆರೆಯುವುದೆಂದರೆ ನಿಜಕ್ಕೂ ಕೊಬ್ಬೇ ಸರಿ.) ಆಮೇಲೆ ತನ್ನ ಡಬ್ಬಿಯನ್ನು ತಿರುಗಿಸಿ ನೋಡಿದಳು. ಒಂದು ಮುದ್ರೆಯೂ ಇಲ್ಲ. ನಿಷ್ಕಳಂಕ! ಇನ್ನು ಪುಟ್ಟಿ ಎಲ್ಲಿಗೆ ಹೋದಾಳು?

ವಾರದ ಮೇಲೆ ಒಂದು ದಿನ ಹುಡುಗಿಯರು ಬಂದಾಗ ಅಜ್ಜಿ ಪಕ್ಕದ ಕೋಣೆಯಲ್ಲಿ ಬಟಾಣಿ ಸುಲಿಯುತ್ತ ಕಿವಿಯನ್ನು ಮಾತ್ರ ಈಚೆ ಕಳಿಸಿದ್ದಳು.

"ಏನೇ ಇದು, ಒಂದೇ ಮುದ್ರೆ ಇರೋದು ತಂದಿದ್ದೀಯ? ಚಪ್ಪೆ ಇರುತ್ತೆ," ಎಂದಳು ಉದ್ದ ಜಡೆಯ ಗೆಳತಿ.

"ಮೂರಿರೋದು ಖಾಲಿಯಾಗಿತ್ತು ಕಣೇ," ಎಂದಳು ಪುಟ್ಟಿ. "ಮೊದಲನೇ ಸಲ ನೋಡಿ ವಾಪಸ್ ಇಟ್ಟುಬಿಟ್ಟಿದ್ದೆ. ಈಗ ಮುದ್ರೆ ಎಣಿಸಿಯೇ ತಗೊಳ್ಳೋದು. ಜಾಸ್ತಿ ಇದ್ದಷ್ಟೂ ರುಚಿ!"

"ನಾನಂತೂ ಜ್ಯೂಸ್ ಬಿಟ್ಟೆ," ಎಂದಳು ಕನ್ನಡಕದ ಹುಡುಗಿ. "ಮೇಲೆ ಅಷ್ಟು ದೊಡ್ಡ ಹಣ್ಣಿನ ಚಿತ್ರ, ಕೆಳಗೆ ಸಕ್ಕರೆ ಹೆಚ್ಚು. ಮೋಸ ಅನ್ನಿಸ್ತು."

"ಬಂದಳಪ್ಪ ನಮ್ಮ ಮುತ್ತಜ್ಜಿ!" ಎಂದು ಉಳಿದಿಬ್ಬರೂ ನಕ್ಕರು.

ಕನ್ನಡಕದ ಹುಡುಗಿಯ ಮಾತು ಅಜ್ಜಿಯ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ತಲೆಯಲ್ಲಿ ಆಗಲೇ ಜಾಗ ಭರ್ತಿಯಾಗಿತ್ತು. ಜಾಸ್ತಿ ಇದ್ದಷ್ಟೂ ರುಚಿಯಂತೆ! ತನ್ನ ಡಬ್ಬಿಗೆ ಇದ್ದ ಕೊರತೆ ಇಷ್ಟೇ!

ಹಳೆಯ ಕೋಟಿನ ಕರಿ ಅಸ್ತರು ಹೊರಗೆ ಬಂತು. ಎಂಟೆಂಟು ಮೂಲೆಯ ಮೂರು ತುಂಡು, ಮೂಲೆಗೆ ಮೂಲೆ ಸಮ. ಪೊಟ್ಟಣವನ್ನು ಎದುರಿಗಿಟ್ಟುಕೊಂಡು ಬಿಳಿ ದಾರದಲ್ಲಿ ಅಕ್ಷರಗಳನ್ನು ಕಸೂತಿ ಹಾಕಿದಳು. ಎರಡು ಮಧ್ಯಾಹ್ನ ಹಿಡಿಯಿತು. 'ಕ್ಕ'ದ ಒತ್ತಿಗೇ ಅರ್ಧ ಗಂಟೆ. ಮೂರನೆಯ ದಿನ ಗೋಂದು ಹಚ್ಚಿ ಡಬ್ಬಿಗೆ ಅಂಟಿಸಿ, ಮತ್ತೆ ಬಟಾಣಿಯ ಮುಂದೆ ಕೂತಳು.

"ಅಜ್ಜೀ! ಏನಿದು?" ಪುಟ್ಟಿಯ ಕೂಗು. ಆಮೇಲೆ ಕಿಲಕಿಲ ನಗು. ಆಮೇಲೆ, ಐದು ತಿಂಗಳ ನಂತರ, ಮುಚ್ಚಳ ತೆಗೆದ ಸದ್ದು.

"ತಗೊಳ್ರೇ, ಮೂರು ಮುದ್ರೆದು! ಆಹಾ!"

ಅಜ್ಜಿಗೆ ತಡೆಯಲಾಗಲಿಲ್ಲ. ಸೆರಗಿನಲ್ಲಿದ್ದ ಬಟಾಣಿ ಚೆಲ್ಲಿಕೊಂಡೇ ಎದ್ದು ಬಂದಳು. ಕನ್ನಡಕದ ಹುಡುಗಿ ಮಾತ್ರ ಬಿಸ್ಕತ್ತು ಮುಟ್ಟದೆ ಡಬ್ಬಿಯನ್ನೇ ನೋಡುತ್ತಿದ್ದಳು.

"ಅಜ್ಜಿ, ಇದನ್ನ ಲೆಕ್ಕ ಹಾಕಿ ಅಂಟಿಸಿದ್ರಾ?"

"ಅಯ್ಯೋ ಇಲ್ಲಮ್ಮ, ನಿಮ್ಮನ್ನ ಕರೆಯೋಕೆ ಒಂದು ಆಟ ಅಷ್ಟೇ. ನನ್ನ ಡಬ್ಬಿಯಲ್ಲಿ ಯಾವುದೂ ಹೆಚ್ಚಿಲ್ಲ. ಎಲ್ಲ ಮನೇದು."

"ಹಾಗಾದ್ರೆ ನೋಡೇಬಿಡೋಣ. ಏನೇನು, ಎಷ್ಟೆಷ್ಟು ಹಾಕ್ತೀರಿ?"

ಬೇರೆ ಯಾವ ಅಜ್ಜಿಯಾದರೂ 'ಕಣ್ಣಂದಾಜು' ಎಂದು ತಪ್ಪಿಸಿಕೊಳ್ಳುತ್ತಿದ್ದಳು. ನಮ್ಮ ಅಜ್ಜಿ ಕತ್ತು ನೀಳ ಮಾಡಿ ಒಪ್ಪಿಸಿದಳು: "ಹಿಟ್ಟು ಅರ್ಧ ಕಿಲೋ. ಬೆಣ್ಣೆ ನಾನೂರು ಗ್ರಾಂ. ಸಕ್ಕರೆ ನಾನೂರು. ಉಪ್ಪು ಮೂರು ಚಮಚ, ತಲೆ ತಟ್ಟಿ. ನಲವತ್ತೈದು ಬಿಸ್ಕತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ."

ಹುಡುಗಿ ಮೊಬೈಲಿನಲ್ಲಿ ಗುಣಿಸಿದಳು, ಭಾಗಿಸಿದಳು, ತುಟಿ ಕಚ್ಚಿದಳು.

"ಅಜ್ಜಿ... ಮೂರೂ ಸರಿಯಾಗಿದೆ."

"ಯಾವ ಮೂರು?"

"ಮುದ್ರೆ. ಅಂಗಡಿ ಬಿಸ್ಕತ್ತಿಗಿಂತ ಇದರಲ್ಲೇ ಸಕ್ಕರೆ ಜಾಸ್ತಿ."

ಪುಟ್ಟಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ಅಜ್ಜಿ ಒಂದೊಂದೇ ಮುದ್ರೆಯನ್ನು ಮುಟ್ಟಿ ನೋಡಿದಳು. ಸುಳ್ಳೆಂದು ನಂಬಿ ಹೊಲಿದದ್ದು ನಿಜವಾಗಿತ್ತು. ಅದೂ ಅಚ್ಚುಕಟ್ಟಾಗಿ, ಕಸೂತಿಯಲ್ಲಿ, ತನ್ನ ಕೈಯಿಂದಲೇ.

ಅಷ್ಟರಲ್ಲಿ ಸೊಸೆ ಬಂದಳು. ಪುಟ್ಟಿ ಎಲ್ಲವನ್ನೂ ಹೇಳಿದಳು, ನಟಿಸಿಯೂ ತೋರಿಸಿದಳು. ಸೊಸೆ ನಗಲಿಲ್ಲ.

"ಅತ್ತೆ, ನಿಮ್ಮ ಬಿ.ಪಿ. ಯಾಕೆ ಇಳೀತಿಲ್ಲ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಇವಳು ಐದು ತಿಂಗಳಿಂದ ಮುಟ್ಟಿಲ್ಲ. ನಾನೂ ನಿಮ್ಮ ಮಗನೂ ತಿನ್ನಲ್ಲ. ನೀವು ವಾರ ವಾರ ಹೊಸದು ಮಾಡ್ತೀರಿ. ಹಳೇದೆಲ್ಲ ಎಲ್ಲಿಗೆ ಹೋಗುತ್ತೆ?"

ಅಜ್ಜಿ ನೆಲದ ಮೇಲಿನ ಬಟಾಣಿ ಆರಿಸತೊಡಗಿದಳು.

"ಚೆಲ್ಲಬಾರದಲ್ಲಮ್ಮ..."

"ದಿನಕ್ಕೆ ಎಷ್ಟು?"

ಸುಳ್ಳು ಹೇಳಬಹುದಿತ್ತು. ಆದರೆ ಲೆಕ್ಕದ ವಿಷಯ ಬಂದರೆ ಅಜ್ಜಿಯ ಬಾಯಿ ಅಜ್ಜಿಯ ಮಾತನ್ನೇ ಕೇಳುತ್ತಿರಲಿಲ್ಲ.

"ಆರು. ಶನಿವಾರ ಮಾತ್ರ ಒಂಬತ್ತು."

"ಶಿವನೇ!" ಎಂದು ಸೊಸೆ ಕುರ್ಚಿ ಎಳೆದುಕೊಂಡಳು. ತೀರ್ಪು ಅಲ್ಲೇ ಆಯಿತು. ಡಬ್ಬಿ ಹುಡುಗಿಯರ ವಶಕ್ಕೆ, ದಿನಕ್ಕೆ ತಲೆಗೊಂದು. ಅತ್ತೆಯ ಪಾಲಿಗೆ ಸೊನ್ನೆ.

ಪುಟ್ಟಿ ಡಬ್ಬಿಯನ್ನು ಮಡಿಲಲ್ಲಿ ಅಪ್ಪಿ ಹಿಡಿದಳು. ಅಜ್ಜಿ ಐದು ತಿಂಗಳಿಂದ ಕಾದದ್ದು ಇದನ್ನೇ. ನೋಡುತ್ತ ಬಾಯಲ್ಲಿ ನೀರೂರುವುದೊಂದು ಮಾತ್ರ ಅವಳ ಎಣಿಕೆಯಲ್ಲಿ ಇರಲಿಲ್ಲ.

"ಭಾನುವಾರ ನಾನೂ ಜೊತೆಗೆ ನಿಲ್ತೀನಿ ಅಜ್ಜಿ," ಎಂದಳು ಪುಟ್ಟಿ. "ಸಕ್ಕರೆ ಅರ್ಧ ಹಾಕೋಣ. ಒಂದು ಮುದ್ರೆನಾದ್ರೂ ಕೀಳೋಣ. ಈಗ ನೀನು ಇದನ್ನ ತಿನ್ನು, ಇದಕ್ಕೆ ಮುದ್ರೆ ಇಲ್ಲ." ಎಂದವಳೇ ಒಂದು ಬಾಳೆಹಣ್ಣನ್ನು ಅಜ್ಜಿಯ ಕೈಗಿಟ್ಟಳು.

ಅಜ್ಜಿ ಕನ್ನಡಕ ಏರಿಸಿ ಹಣ್ಣನ್ನು ಸುತ್ತಲೂ ತಿರುಗಿಸಿ ನೋಡಿದಳು. ಒಂದು ಕಡೆ ಬೆರಳು ನಿಂತಿತು. ಮುಖ ಅರಳಿತು.

"ಇಲ್ಲಿ ನೋಡೇ, ಕಪ್ಪಗೆ! ಇದಕ್ಕೂ ಬಿದ್ದಿದೆ!"

"ಅದು ಹಣ್ಣಾಗಿರೋ ಚುಕ್ಕೆ ಅಜ್ಜಿ," ಎಂದಳು ಕನ್ನಡಕದ ಹುಡುಗಿ. "ಸುಲಿದು ತಿನ್ನಿ."